ಜ್ವರ ಎದ್ದ ಮೇಲೆ

ಸಬ್ ಇನ್‌ಸ್ಪೆಕ್ಟರ್ ಆಗಿ ರಾಮನಗರದ ಕಡೆಗೆ ವರ್ಗವಾಗಿ ಬಂದ ಹೊಸದರಲ್ಲೇ ಒಂದು ಇಡೀ ಊರು ನನ್ನ ಮುಖದ ಮೇಲೆ ಬಾಗಿಲು ಹಾಕಿಕೊಂಡಿತು. ಜೀಪು ನಿಂತದ್ದೇ ತಡ, ಜಗಲಿಯ ಮೇಲೆ ಕೂತಿದ್ದವರೆಲ್ಲ ಎದ್ದು ಒಳಗೆ ಹೋದರು. ಒಬ್ಬ ಮುದುಕಿ ಮಾತ್ರ ಕೈಯಲ್ಲಿ ಪೊರಕೆ ಹಿಡಿದು ಹೊಸ್ತಿಲಿಗೆ ಅಡ್ಡ ನಿಂತಳು. "ಜ್ವರ ಐತೆ, ಒಳೀಕೆ ಬರಬ್ಯಾಡಿ" ಅಂದಳು. ಪಕ್ಕದ ಮನೆಯ ಬಾಗಿಲು ಬಡಿದರೆ ಅಲ್ಲೂ ಜ್ವರ. ಎದುರು ಮನೆಯಲ್ಲೂ ಜ್ವರ.

ನಮ್ಮ ಬಿಜಾಪುರ ಸೀಮೆಯವರಿಗೆ ಜ್ವರ ಅಂದರೆ ಜ್ವರವೇ. ಊರಿಗೆ ಊರೇ ಮಲಗಿದೆ, ಇದೇನೋ ಸಾಂಕ್ರಾಮಿಕ ಎಂದು ನನಗೆ ಎದೆ ಹೊಡೆದುಕೊಂಡಿತು. ಜೀಪು ತಿರುಗಿಸಿ ಹೋಬಳಿಯ ಆಸ್ಪತ್ರೆಗೆ ಓಡಿ, ಊಟಕ್ಕೆ ಕೂತಿದ್ದ ಡಾಕ್ಟರನ್ನು ಎಬ್ಬಿಸಿ, ಮಾತ್ರೆಯ ಡಬ್ಬಿ ಸಮೇತ ಕರೆತಂದೆ. ಆ ಮುದುಕಿ ಡಾಕ್ಟರನ್ನು ನೋಡಿದಳು, ನನ್ನನ್ನು ನೋಡಿದಳು. "ಜ್ವರ ನಮಗಲ್ಲ ಸ್ವಾಮಿ, ಹುಳಕ್ಕೆ" ಅಂದಳು. ಡಾಕ್ಟರು ನಕ್ಕು ನಕ್ಕು ಜೀಪಿಗೆ ಒರಗಿಕೊಂಡರು. ಮುಚ್ಚಿದ ಬಾಗಿಲುಗಳ ಹಿಂದಿನಿಂದಲೂ ನಗು ಕೇಳಿಸಿತು. ನನ್ನ ಜೊತೆಗಿದ್ದ ದಫೇದಾರ ರುದ್ರಪ್ಪ ಇಲ್ಲೇ ಹತ್ತಿರದ ದೊಡ್ಡಮಳೂರಿನವನು, ಅವನಿಗೆ ಎಲ್ಲ ಗೊತ್ತಿತ್ತು. ಹೊಸ ಸಾಹೇಬರು ಏನು ಮಾಡುತ್ತಾರೋ ನೋಡೋಣ ಎಂದು ಸುಮ್ಮನಿದ್ದನಂತೆ. ಅವನ ಕಪಾಳಕ್ಕೆ ಬಿಡಬೇಕು ಅನ್ನಿಸಿತು.

ರೇಷ್ಮೆ ಹುಳ ಗೂಡು ಕಟ್ಟುವ ಮುಂಚೆ ನಾಲ್ಕು ಸಲ ಪೊರೆ ಕಳಚುತ್ತದೆ. ಪ್ರತಿ ಸಲವೂ ಸೊಪ್ಪು ತಿನ್ನುವುದನ್ನು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ ಕೂರುತ್ತದೆ. ಅದಕ್ಕೆ ಇಲ್ಲಿನವರು ಜ್ವರ ಅನ್ನುತ್ತಾರೆ. ಜ್ವರಕ್ಕೆ ಕೂತಿತು, ಪೊರೆ ಬಿಟ್ಟು ಮತ್ತೆ ಸೊಪ್ಪಿಗೆ ಬಾಯಿ ಹಾಕಿದರೆ ಜ್ವರ ಎದ್ದಿತು ಎನ್ನುವುದು ಇಲ್ಲಿನ ಮಾತು. ಆ ಹೊತ್ತಿನಲ್ಲಿ ತಟ್ಟೆ ಅಲುಗಾಡಿಸಬಾರದು, ಗದ್ದಲ ಮಾಡಬಾರದು, ಹೊರಗಿನವರು ಕಾಲಿಡಬಾರದು. ನಮ್ಮಲ್ಲಿ ಬಾಣಂತಿ ಕೋಣೆಗೆ ಇರುವ ಕಟ್ಟುಪಾಡು ಇಲ್ಲಿ ಹುಳದ ಮನೆಗೆ.

ಆ ಬಾಗಿಲುಗಳು ಮುಚ್ಚಿದ್ದಕ್ಕೆ ಬೇರೆ ಕಾರಣವೂ ಇತ್ತು. ಊರಿನ ಹೆಸರು ಬರೆಯುವುದಿಲ್ಲ. ಕೈಲಾಂಚದ ಆಚೆಗೆ ಅಂದುಕೊಳ್ಳಿ. ಅದು ರೇಷ್ಮೆಗೆ ಬಂಗಾರದ ಬೆಲೆ ಬಂದ ಕಾಲ. ರಾಗಿ ಹೊಲವೆಲ್ಲ ಹಿಪ್ಪುನೇರಳೆ ತೋಟವಾಯಿತು. ಸಾಲದೆ, ಕುರಿ ಮೇಯುತ್ತಿದ್ದ ಗೋಮಾಳಕ್ಕೂ ಬೇಲಿ ಬಿತ್ತು. ಕುರಿಯವರಿಗೆ ಮೇಯಿಸಲು ಜಾಗವಿಲ್ಲ, ಕುರಿಗೆ ಬೇಲಿ ಗೊತ್ತಿಲ್ಲ. ಮಾತಿಗೆ ಮಾತು ಬೆಳೆದು, ಒಂದು ಕುರಿರೊಪ್ಪಕ್ಕೆ ಬೆಂಕಿ ಬಿದ್ದು, ಬಡಿದಾಟವಾಗಿ ಎರಡೂ ಕಡೆ ಒಂದೊಂದು ಹೆಣ ಬಿತ್ತು. ಆಮೇಲೆ ಪೊಲೀಸರು ಬಂದರು. ಅವಿತವರನ್ನು ಹುಡುಕುತ್ತೇವೆಂದು ಬೂಟುಗಾಲಲ್ಲಿ ಹುಳದ ಮನೆಗಳಿಗೆ ನುಗ್ಗಿ, ಜ್ವರಕ್ಕೆ ಕೂತ ತಟ್ಟೆಗಳನ್ನು ಲಾಠಿಯಲ್ಲಿ ಉರುಳಿಸಿದರು. ಊರಿನ ಆ ಬೆಳೆ ಪೂರಾ ತಿಪ್ಪೆಗೆ ಹೋಯಿತು. ಇತ್ತ ಕುರಿಯವರ ದೂರು ಬೇರೆ: ಪೊಲೀಸರು ಉಣ್ಣುವುದು ತೋಟದವರ ಮನೆಯಲ್ಲಿ, ಹಾಗಾಗಿ ನಮ್ಮ ದೂರು ಯಾರೂ ಬರೆದುಕೊಳ್ಳುವುದಿಲ್ಲ. ಊರಿನ ಎರಡು ಪಾಲೂ ಒಪ್ಪುತ್ತಿದ್ದುದು ಒಂದೇ ಮಾತನ್ನು, ಪೊಲೀಸರನ್ನು ನಂಬಬಾರದು ಎಂದು.

ಶಾಲೆಯ ಅಂಗಳದಲ್ಲಿ ರಿಸರ್ವ್ ಪೊಲೀಸರ ವ್ಯಾನು ನಿಂತಿತ್ತು. ಮಕ್ಕಳು ಬರುತ್ತಿರಲಿಲ್ಲ. ಆ ಊರಿನ ಠಾಣೆಯನ್ನು ರಿಪೇರಿ ಮಾಡು, ವ್ಯಾನು ಅಲ್ಲಿಂದ ಹೊರಡುವ ಹಾಗೆ ಮಾಡು ಎಂದು ಜಿಲ್ಲೆಯ ದೊಡ್ಡ ಸಾಹೇಬರು ನನ್ನನ್ನು ಕಳಿಸಿದ್ದರು. ಇಲ್ಲಿ ಯಾರ ಬೀಗನೂ ಅಲ್ಲದವನು ಬೇಕಾಗಿತ್ತಂತೆ.

ಯಾರ ಬೀಗನೂ ಅಲ್ಲದವನಿಗೆ ಬಾಡಿಗೆ ಮನೆಯೂ ಇಲ್ಲ. ಪೊಲೀಸ್ ಎಂದ ಕೂಡಲೇ 'ಮಗಳ ಮನೆಯವರು ಬತ್ತಾರೆ' ಎನ್ನುತ್ತಿದ್ದರು. ಕೊನೆಗೆ ರಾಮನಗರದಲ್ಲಿ ನೂಲು ತೆಗೆಯುವ ಕಾರ್ಖಾನೆಯೊಂದರ ಹಿಂದಿನ ಕೋಣೆ ಸಿಕ್ಕಿತು. ದಿನವಿಡೀ ಗೂಡು ಬೇಯಿಸುವ ನಾತ. ಯೂನಿಫಾರ್ಮಿಗೆ ಅಂಟಿದ್ದು ಸೋಪಿಗೂ ಜಗ್ಗುತ್ತಿರಲಿಲ್ಲ. ರೊಟ್ಟಿಯ ಆಸೆಗೆ ಊರಿನಿಂದ ಜೋಳ ತಂದು 'ಗಿರಣಿ ಎಲ್ಲೈತ್ರಿ' ಎಂದು ಕೇಳಿದರೆ ನೂಲಿನ ಕಾರ್ಖಾನೆ ತೋರಿಸಿದರು. ಹಿಟ್ಟಿನ ಗಿರಣಿಗೆ ಇಲ್ಲಿ ಮಿಲ್ಲು ಅನ್ನಬೇಕು. ಮುದ್ದೆಯನ್ನು ಅಗಿದು ತಿಂದು ಹೋಟೆಲಿನವನಿಗೆ ತಮಾಷೆಯಾದೆ, ಆದರೆ ಉಪ್ಪುಸಾರಿಗೆ ಬೇಗ ಸೋತೆ. ಮಾತೇ ದೊಡ್ಡ ತೊಡಕು. ನಾನು ಮರ್ಯಾದೆಗೆಂದು ಎಲ್ಲರಿಗೂ 'ರೀ' ಅಂದರೆ, ಇಲ್ಲಿ ಹೆಂಡತಿ ಗಂಡನನ್ನು ಹಾಗೆ ಕರೆಯುವುದಂತೆ. ರುದ್ರಪ್ಪ ಮುಖ ತಿರುಗಿಸಿಕೊಂಡು ನಗುತ್ತಿದ್ದ. ಸಂಜೆ ಆ ಕೋಣೆಯಲ್ಲಿ ಒಬ್ಬನೇ ಕೂತಾಗ, ಕನ್ನಡದ ನಾಡಿನಲ್ಲೇ ಇದ್ದು ಕನ್ನಡಕ್ಕೆ ಹಂಬಲಿಸುವುದು ಎಂಥ ಹಣೆಬರಹ ಎಂದು ದುಃಖ ಒತ್ತಿಬರುತ್ತಿತ್ತು.

ಠಾಣೆಯಲ್ಲಿ ದೊಡ್ಡ ಕ್ರಾಂತಿಯನ್ನೇನೂ ನಾನು ಮಾಡಲಿಲ್ಲ. ದೂರು ಕೊಡಲು ಬಂದವರನ್ನು ನೆಲದ ಮೇಲೆ ಕೂರಿಸುತ್ತಿದ್ದರು, ಬೆಂಚು ಹಾಕಿಸಿದೆ. ಸಿಬ್ಬಂದಿ ಯಾರೂ ಆ ಊರಿನಲ್ಲಿ ಯಾರ ಮನೆಯಲ್ಲೂ ಉಣ್ಣಕೂಡದು ಅಂದೆ. ಹುಳದ ಮನೆಗೆ ಹೋಗಲೇಬೇಕಾದರೆ ಮನೆಯವರನ್ನು ಕೇಳಿ, ಬೂಟು ಬಿಚ್ಚಿ, ಕಾಲು ತೊಳೆದು ಹೋಗಬೇಕು ಅಂದೆ. ಇದಕ್ಕೆ ಮಾತ್ರ ಎಲ್ಲರೂ ಸಿಡಿದರು. "ಬೂಟ್ ಬಿಚ್ಚುಬುಟ್ರೆ ನಮ್ಮನ್ನ ಪೋಲೀಸು ಅಂತ ಯಾರ್ ಅಂತಾರೆ ಸಾರ್?" ಎಂದು ರುದ್ರಪ್ಪ ಕೇಳಿದ. ನನಗೂ ಸಿಟ್ಟು ಮೂಗಿನ ತುದಿಯಲ್ಲೇ. ಅದನ್ನು ಊರಿನವರು ಹೇಳುತ್ತಾರೆ, ನೀನು ಬಿಚ್ಚು ಅಂದೆ.

ನಿಧಾನಕ್ಕೆ ಬೆಂಚಿನ ಮೇಲೆ ಜನ ಕೂರತೊಡಗಿದರು. ರೊಪ್ಪ ಸುಟ್ಟುಹೋದ ಬೀರಯ್ಯ ಬಂದ. ಹೆಗಲ ಮೇಲೆ ಕಂಬಳಿ, ಮಾತು ಕಡಿಮೆ. ಬೆಂಕಿಯಲ್ಲಿ ಅವನ ಕುರಿಗಳೆಲ್ಲ ಸತ್ತಿದ್ದವು. ಎರಡೂ ಕಡೆಯ ಹಿರಿಯರು ರಾಜಿಗೆ ಕೂರಲು ಒಪ್ಪಿದ್ದಾರೆ, ಆದರೆ ಬೆಂಕಿ ಹಚ್ಚಿದವನು ಮೊದಲು ಕೋರ್ಟಿಗೆ ಹೋಗಬೇಕು ಎಂದು ತಿಳಿಸಿದ. ಹೋಗದಿದ್ದರೆ ಕುರಿಯವರ ಹಟ್ಟಿಯ ಹುಡುಗರು ತಮ್ಮ ದಾರಿ ತಾವು ನೋಡಿಕೊಳ್ಳುತ್ತಾರೆ. ಬೆಂಕಿ ಹಚ್ಚಿದವನು ಕೆಂಪರಾಜು. ನನ್ನ ಮುಂದೆ ಪೊರಕೆ ಹಿಡಿದು ನಿಂತಿದ್ದ ಮುದುಕಿ ಚಿಕ್ಕತಾಯಮ್ಮನ ಮಗ. ಬೆಂಕಿ ಬಿದ್ದ ದಿನದಿಂದ ನಾಪತ್ತೆ.

ಒಂದು ಮಧ್ಯಾಹ್ನ, ಕೆಂಪರಾಜು ಮನೆಗೆ ಬಂದಿದ್ದಾನೆಂದು ಸುದ್ದಿ ಬಂತು. ನಾನು ಹೋಗುವಷ್ಟರಲ್ಲಿ ರಿಸರ್ವ್ ಪೊಲೀಸರು ಮನೆ ಸುತ್ತುವರಿದಿದ್ದರು. ಒಂದು ಕಡೆ ತೋಟದವರು ಕುಡುಗೋಲು ಹಿಡಿದು ನಿಂತಿದ್ದಾರೆ, ಇನ್ನೊಂದು ಕಡೆ ಬೀರಯ್ಯನೂ ಹಟ್ಟಿಯ ಹುಡುಗರೂ, ಹುಡುಗರ ಕೈಯಲ್ಲಿ ದೊಣ್ಣೆ. ನಡುವೆ ಹೊಸ್ತಿಲಲ್ಲಿ ಚಿಕ್ಕತಾಯಮ್ಮ, ಅದೇ ಪೊರಕೆ.

"ಜ್ವರ ಐತೆ" ಅಂದಳು.

ವ್ಯಾನಿನ ಮುಖ್ಯಸ್ಥ ನನ್ನ ಕಡೆ ತಿರುಗಿ, ಇದೆಲ್ಲ ನಾಟಕ, ಬಾಗಿಲು ಒಡೆಯೋಣ ಅಂದ. ಅವನ ಮಾತು ಸುಳ್ಳೆನ್ನುವಂತಿರಲಿಲ್ಲ. ಮಗನನ್ನು ಬಚ್ಚಿಡಲು ಇದಕ್ಕಿಂತ ಒಳ್ಳೆಯ ನೆಪ ಯಾವುದಿದೆ? ಒಳಗೆ ನುಗ್ಗಿದರೆ ಹಳೆಯ ಗಾಯಕ್ಕೆ ಮತ್ತೆ ಉಪ್ಪು, ಕುಡುಗೋಲುಗಳು ಏಳುತ್ತವೆ. ಸುಮ್ಮನಿದ್ದು ಅವನು ಹಿತ್ತಲಿನಿಂದ ಜಾರಿದರೆ ದೊಣ್ಣೆಗಳು ಏಳುತ್ತವೆ. ಯಾವ ಕಡೆ ಹೆಜ್ಜೆ ಇಟ್ಟರೂ ಸಂಜೆಯೊಳಗೆ ಇನ್ನೊಂದು ಹೆಣ ಬೀಳುವುದು ನನಗೆ ಕಾಣುತ್ತಿತ್ತು.

"ಎಷ್ಟನೇ ಜ್ವರ, ಅವ್ವಾ?" ಎಂದು ಕೇಳಿದೆ.

ಮುದುಕಿ ನನ್ನ ಮುಖವನ್ನೇ ನೋಡಿದಳು. "ನಾಲ್ಕನೇದು. ಹೊತ್ತು ಮುಳುಗೋ ಹೊತ್ಗೆ ಏಳ್ತವೆ."

ನಾನು ಮೆಟ್ಟಿಲ ಮೇಲೆ ಕೂತು ಬೂಟು ಬಿಚ್ಚಿದೆ. ಬೆಲ್ಟು, ಟೋಪಿ, ಪಿಸ್ತೂಲು ಎಲ್ಲವನ್ನೂ ರುದ್ರಪ್ಪನ ಕೈಗೆ ಕೊಟ್ಟೆ. ಒಳಗೆ ಬರಲು ನನಗೆ ಒಬ್ಬ ಸಾಕ್ಷಿ ಬೇಕು, ಅದು ಬೀರಯ್ಯನೇ ಆಗಬೇಕು ಅಂದೆ. ತೋಟದವರ ಕಡೆಯಿಂದ ಗೊಣಗಾಟ ಎದ್ದಿತು. ಚಿಕ್ಕತಾಯಮ್ಮ ತುಂಬ ಹೊತ್ತು ಬೀರಯ್ಯನನ್ನು ನೋಡುತ್ತ ನಿಂತಿದ್ದು, ಕೊನೆಗೆ ಪೊರಕೆ ಮೂಲೆಗಿಟ್ಟು ಚೊಂಬಿನಲ್ಲಿ ನೀರು ತಂದಳು. ನನ್ನ ಕಾಲಿಗೆ ಹಾಕಿದಳು. ತನ್ನ ಮಗನನ್ನು ಜೈಲಿಗೆ ಕಳಿಸಲು ಬಂದ ಬೀರಯ್ಯನ ಕಾಲಿಗೂ ಹಾಕಿದಳು. ಬಾಗಿಲಲ್ಲಿ ಚೆಲ್ಲಿದ್ದ ಸುಣ್ಣದ ಪುಡಿ ತುಳಿದು ನಾವು ಒಳಗೆ ಹೋದೆವು.

ಒಳಗೆ ಮಬ್ಬು. ಅಟ್ಟಣೆಯ ಮೇಲೆ ಅಟ್ಟಣೆ, ತಟ್ಟೆ ತುಂಬ ಹುಳ. ಎಲ್ಲವೂ ತಲೆ ಎತ್ತಿಕೊಂಡು, ಮಿಸುಕದೆ, ಏನನ್ನೋ ಕಾಯುವ ಹಾಗೆ ಕೂತಿದ್ದವು. ಕೊನೆಯ ಸಾಲಿನ ಹಿಂದೆ ಕೆಂಪರಾಜು ಗೋಡೆಗೆ ಒರಗಿ ಕೂತಿದ್ದ. ಓಡಲಿಲ್ಲ. ಬೀರಯ್ಯನ ಉಸಿರು ಜೋರಾಯಿತು. ಬೆಂಕಿ ಬಿದ್ದ ಹೊಸದರಲ್ಲಿ, ಇವನನ್ನು ಕಂಡ ಕ್ಷಣ ಕತ್ತು ಹಿಸುಕುತ್ತೇನೆ ಎಂದು ಊರೆಲ್ಲ ಹೇಳಿಕೊಂಡು ತಿರುಗಿದವನು ಅವನು. ಆದರೆ ಆ ಮನೆಯಲ್ಲಿ ಯಾರೂ ದನಿ ಎತ್ತುವಂತಿರಲಿಲ್ಲ, ಕೈ ಎತ್ತಿದರೆ ತಟ್ಟೆಗೆ ತಾಗುತ್ತಿತ್ತು. ಹಾಗಾಗಿ ನಾನು ವಾರಂಟಿನ ವಿಷಯವನ್ನು ಪಿಸುಮಾತಿನಲ್ಲಿ ಹೇಳಿದೆ.

ಕೆಂಪರಾಜುವೂ ಪಿಸುಮಾತಿನಲ್ಲೇ ಬೇಡಿಕೊಂಡ. "ಜ್ವರ ಎದ್ದ ಮ್ಯಾಲೆ ಒಂದ್ ಸೊಪ್ಪು ಹಾಕ್ಬುಟ್ಟು ಬತ್ತೀನಿ ಸ್ವಾಮಿ. ಅವ್ವನ್ ಕೈಲಿ ಒಬ್ಬಳ್ಗೇ ಆಗಕಿಲ್ಲ."

ಅಷ್ಟು ಹೊತ್ತು ಬಿಟ್ಟುಕೊಡುವ ಅಧಿಕಾರ ನನಗಿರಲಿಲ್ಲ. ನಾನು ಬೀರಯ್ಯನ ಕಡೆ ನೋಡಿದೆ. ಅವನು ತಟ್ಟೆಯನ್ನೇ ನೋಡುತ್ತಿದ್ದ.

"ಇವ್ನು ಹಾಳಾಗೋಗ್ಲಿ," ಅಂದ ಬೀರಯ್ಯ. "ಹುಳ ಏನ್ ಮಾಡವೆ? ನನ್ ಕುರಿನೂ ಏನೂ ಮಾಡಿರ್ನಿಲ್ಲ. ನಾನು ಬಾಗ್ಲಲ್ಲಿ ಕುಂತ್ಕತೀನಿ."

ಹಾಗೇ ಕೂತ. ಕಂಬಳಿ ಹಾಸಿಕೊಂಡು, ಶತ್ರುವಿನ ಹೊಸ್ತಿಲಿಗೆ ಅಡ್ಡಲಾಗಿ. ಹಿತ್ತಲ ಬಾಗಿಲಲ್ಲಿ ನಾನು ಬರಿಗಾಲಲ್ಲೇ ಕೂತೆ. ವ್ಯಾನಿನ ಮುಖ್ಯಸ್ಥ ವೈರ್‌ಲೆಸ್ಸಿನಲ್ಲಿ ನನ್ನ ಮೇಲೆ ದೂರು ಹೇಳುವುದು ಕೇಳಿಸುತ್ತಿತ್ತು. ಬೀರಯ್ಯನೇ ಕಾವಲು ಕೂತದ್ದನ್ನು ಕಂಡು ಹಟ್ಟಿಯ ಹುಡುಗರು ದೊಣ್ಣೆ ನೆಲಕ್ಕೂರಿದರು. ಬೀರಯ್ಯ ಕೈ ಮಾಡದ್ದನ್ನು ಕಂಡು ತೋಟದವರೂ ಕೂತರು. ಕುಡುಗೋಲು ಮಾತ್ರ ಯಾರೂ ಕೆಳಗಿಡಲಿಲ್ಲ. ಅಷ್ಟು ಉದ್ದನೆಯ ಮಧ್ಯಾಹ್ನವನ್ನು ನಾನು ಕಂಡಿಲ್ಲ. ಒಳಗೆ ಒಂದು ಕಡ್ಡಿ ಅಲ್ಲಾಡಿದರೂ, ಮುಗಿಯಿತು, ಓಡಿದ ಅನ್ನಿಸುತ್ತಿತ್ತು.

ಹೊತ್ತು ಇಳಿದ ಮೇಲೆ ಒಳಗಿನಿಂದ ಸರಸರ ಸದ್ದು ಬಂತು. ಹುಳ ಎದ್ದು ಸೊಪ್ಪು ತಿನ್ನುತ್ತಿದ್ದವು. ಸ್ವಲ್ಪ ಹೊತ್ತಿಗೆ ಕೆಂಪರಾಜು ಹೊರಗೆ ಬಂದ. ಬೀರಯ್ಯ ಕಂಬಳಿ ಎಳೆದುಕೊಂಡು ದಾರಿ ಬಿಟ್ಟ. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಕೆಂಪರಾಜು ತಾಯಿಯ ಕಾಲು ಮುಟ್ಟಿ ತಾನೇ ಹೋಗಿ ಜೀಪು ಹತ್ತಿದ.

ಎಲ್ಲರೂ ತಬ್ಬಿಕೊಂಡರು ಎಂದೇನೂ ಬರೆಯಲಾರೆ. ನನಗೆ ಮೇಲಿನವರಿಂದ ಛೀಮಾರಿ ಸಿಕ್ಕಿತು. ಕೆಂಪರಾಜುವಿಗೆ ಶಿಕ್ಷೆಯಾಯಿತು. ಆ ಬೆಳೆಗೆ ನೆರೆಯವರು ಸರದಿಯ ಮೇಲೆ ಸೊಪ್ಪು ಕೊಯ್ದು ಕೊಟ್ಟರು. ರಾಜಿ ಆಯಿತು, ಗೋಮಾಳದ ಒಂದು ಪಾಲಿನ ಬೇಲಿ ಕಿತ್ತರು. ಶಾಲೆಯ ಅಂಗಳದಿಂದ ವ್ಯಾನು ಹೊರಟ ದಿನ, ಹುಳದ ಮನೆಯ ಮುಂದೆ ಬೂಟು ಬಿಚ್ಚಿಡಲು ರುದ್ರಪ್ಪ ಯಾರ ಅಪ್ಪಣೆಗೂ ಕಾಯಲಿಲ್ಲ. ಚಿಕ್ಕತಾಯಮ್ಮ ನನ್ನ ಜೊತೆ ಇವತ್ತಿಗೂ ಮಾತಾಡುವುದಿಲ್ಲ. ಹೋದರೆ ಕಾಲಿಗೆ ನೀರು ಮಾತ್ರ ಕೊಡುತ್ತಾಳೆ. ನನಗೆ ಅಷ್ಟು ಸಾಕು ಎಂದರೆ ಸುಳ್ಳಾಗುತ್ತದೆ. ಸಾಲದು, ಆದರೆ ಸಿಗುವುದು ಅಷ್ಟೇ.

ಹೋದ ಸಲ ರಜೆಗೆ ನಮ್ಮ ಊರಿಗೆ ಹೋಗಿದ್ದೆ. ನಮ್ಮ ಪಡಸಾಲೆಯ ಬಾಗಿಲಲ್ಲಿ ಬೂಟು ಬಿಚ್ಚಿ, ನೀರು ಎಲ್ಲಿ ಎಂದು ಸುಮ್ಮನೆ ನಿಂತುಬಿಟ್ಟಿದ್ದೆನಂತೆ. ಅವ್ವ ಬಿಸಿ ರೊಟ್ಟಿ ಹಾಕುತ್ತ, ವರ್ಗ ಮಾಡಿಸಿಕೊಂಡು ಯಾವಾಗ ಬರ್ತಿ ಎಂದು ಕೇಳಿದಳು. ಯೋಚಿಸದೆ ನನ್ನ ಬಾಯಿಂದ ಬಂದದ್ದು, "ಜ್ವರ ಎದ್ದ ಮೇಲೆ."

ಅವ್ವ ರೊಟ್ಟಿ ಕೆಳಗಿಟ್ಟಳು. "ಯಾರಿಗಿ ಬಂದಾವೋ ಜ್ವರ?" ಎಂದು ಹತ್ತಿರ ಬಂದು ಹಣೆ ಮುಟ್ಟಿ ನೋಡಿದಳು, ಕತ್ತು ಮುಟ್ಟಿ ನೋಡಿದಳು. ಡಾಕ್ಟರನ್ನು ಕರೆಯಲು ತಮ್ಮನನ್ನು ಕೂಗಿದಳು.

ನಗು ಬಂತು. ಅವಳನ್ನು ಸಮಾಧಾನ ಮಾಡಲು, "ಏನೂ ಇಲ್ಲ ಯವ್ವಾ, ಎಲ್ಲಾ ಛಲೋ ಐತೆ" ಅಂದೆ.

ನಮ್ಮ ಕಡೆ ಐತಿ ಅನ್ನಬೇಕಿತ್ತು.