ಯಜಮಾನ ಕೂರುವಂತಿಲ್ಲ

ಅಪ್ಪ ತೀರಿಕೊಂಡ ಮೇಲೆ ಕೆಲವು ಚಳಿಗಾಲಗಳು ಕಳೆದಿವೆ. ಅವನ ಮನೆಯ ಕಡೇ ಹಬ್ಬದ ಕತೆಯನ್ನು ವಾಲ್ಯೆವೊ ಊರಿನವರು ಇವತ್ತಿಗೂ ಹೇಳಿಕೊಂಡು ಕಣ್ಣೊರೆಸಿಕೊಳ್ಳುತ್ತಾರೆ. ನನಗೆ ಅದನ್ನು ಕೇಳಿದರೆ ಮೈಯೆಲ್ಲ ಉರಿಯುತ್ತದೆ.

ಅಪ್ಪ ಮಿಲಾದಿನ್ ಮರದ ನೆಲ ಹಾಸುವ ಮೇಸ್ತ್ರಿ. ಓಕ್ ಮರದ ಸಣ್ಣ ಪಟ್ಟಿಗಳನ್ನು ಮೀನಿನ ಮುಳ್ಳಿನ ಹಾಗೆ ಓರೆಯಾಗಿ ಜೋಡಿಸುತ್ತ ಗೋಡೆಯಿಂದ ಗೋಡೆಗೆ ತೆವಳುವುದು ಅವನ ಕೆಲಸ. ಜೀವನಪೂರ್ತಿ ಮಂಡಿಯೂರಿಯೇ ದುಡಿದ. ಹೊಸ ನೆಲಕ್ಕೆ ಗೀರು ಬೀಳಬಾರದೆಂದು ಬೂಟು ಬಾಗಿಲಾಚೆ ಬಿಟ್ಟು, ಬರೀ ಕಾಲುಚೀಲದಲ್ಲಿ ಒಳಗೆ ಹೋಗುತ್ತಿದ್ದ. ನನಗೆ ಬುದ್ಧಿ ಬರುವ ಹೊತ್ತಿಗೇ ಅವನ ಮಂಡಿಗಳು ಊದಿಕೊಂಡು ಆಕಾರ ಕೆಟ್ಟಿದ್ದವು.

"ಸಾಕು ಮಾಡು ಮಾರಾಯ," ಎನ್ನುತ್ತಿದ್ದಳು ಅಮ್ಮ ಸ್ತಾನಾ. "ನೀನು ಏಳೋವಾಗ ಕೀಲು ಕಟಕಟ ಅನ್ನೋದು ಪಕ್ಕದ ಮನೇಗೂ ಕೇಳುತ್ತೆ."

"ಕೇಳ್ಲಿ ಬಿಡು. ಅವರ ಮನೆ ನೆಲಾನೂ ನಾನೇ ಹಾಕಿದ್ದು."

ಮಂಡಿನೋವು ಸಾಲದೆಂಬಂತೆ ಸಕ್ಕರೆ ಕಾಯಿಲೆಯೂ ಬಂತು. ಅಮ್ಮ ಪ್ಲಮ್ ಹಣ್ಣಿನ ಪಾಕವನ್ನು ಅಟ್ಟದ ಮೇಲೆ ಅಡಗಿಸಿಟ್ಟರೆ, ಕುರ್ಚಿ ಹತ್ತಲಾಗದ ಆ ಮನುಷ್ಯ ಅಟ್ಟ ಹತ್ತಿ ತಿಂದು ಬರುತ್ತಿದ್ದ. ಪಾದಗಳು ಮರಗಟ್ಟತೊಡಗಿದವು. ಒಂದು ದಿನ ಯಾರದೋ ಮನೆಯಲ್ಲಿ ಹಳೇ ನೆಲ ಕಿತ್ತುಹಾಕುವಾಗ ಅಂಗಾಲಿಗೆ ಮೊಳೆ ಹೊಕ್ಕಿತು. ಅವನಿಗೆ ಗೊತ್ತೇ ಆಗಲಿಲ್ಲ. ಮನೆಗೆ ಬಂದು ಕಾಲುಚೀಲ ಬಿಚ್ಚಿದಾಗ ಅಮ್ಮ ಕಿರುಚಿಕೊಂಡಳು. ಗಾಯ ಬೇಸಿಗೆಯೆಲ್ಲ ಆರಲಿಲ್ಲ. ಆ ಕಾಲನ್ನು ನೆಲಕ್ಕೂರಬೇಡಿ, ಊರಿದರೆ ಕತ್ತರಿಸಬೇಕಾಗುತ್ತದೆ ಎಂದು ಡಾಕ್ಟರು ಬಿಡಿಸಿ ಹೇಳಿದರು. ಅಪ್ಪ ಒಳ್ಳೇ ಹುಡುಗನ ಹಾಗೆ ತಲೆಯಾಡಿಸಿ ಬಂದ. ಅಷ್ಟರಲ್ಲಿ ನವೆಂಬರ್ ಬಂತು, ಅದರ ಜೊತೆ ನಮ್ಮ ಸ್ಲಾವಾ.

ಸ್ಲಾವಾ ಎಂದರೆ ಮನೆತನದ ಸಂತನ ದಿನ. ನಮ್ಮದು ಸಂತ ದಿಮಿತ್ರಿಯ ದಿನ. ಅವತ್ತು ಯಾರನ್ನೂ ಕರೆಯುವುದಿಲ್ಲ, ಬರಬೇಕಾದವರು ತಾವಾಗಿ ಬರುತ್ತಾರೆ. ಒಬ್ಬನೇ ಒಬ್ಬ ಅತಿಥಿ ಮೇಜಿನ ಮುಂದೆ ಇದ್ದರೂ ಯಜಮಾನ ಕೂರುವಂತಿಲ್ಲ. ನಿಂತೇ ಲೋಟ ತುಂಬಿಸಬೇಕು, ನಿಂತೇ ಉಪಚರಿಸಬೇಕು. ಈ ಯಜಮಾನಿಕೆ ಅಪ್ಪನಿಂದ ಮಗನಿಗೆ ಹೋಗುತ್ತದೆ. ನಮ್ಮಪ್ಪನಿಗೆ ಇದ್ದವಳು ನಾನೊಬ್ಬಳೇ, ಅದೂ ಮದುವೆಯಾಗಿ ಹೋದವಳು.

"ಅಪ್ಪ, ಈ ಸಲ ನೀನು ಕೂತ್ಕೊ," ಎಂದೆ ಹಿಂದಿನ ದಿನ. "ಬಾಟಲಿ ನನ್ನ ಕೈಗೆ ಕೊಡು, ನಾನು ನಿಂತ್ಕೊತೀನಿ."

"ನೀನು ನಿನ್ನ ಗಂಡನ ಮನೆ ಸಂತನಿಗೆ ನಿಂತ್ಕೊ. ಈ ಮನೇಲಿ ಯಜಮಾನ ಇನ್ನೂ ಸತ್ತಿಲ್ಲ."

"ಕಾಲು ಹೋಗುತ್ತೆ ಅಂದಿದಾರೆ ಡಾಕ್ಟರು!"

"ಡಾಕ್ಟರ ಮನೇಲೂ ಒಬ್ಬ ಸಂತ ಇದಾನಲ್ಲ. ಆ ದಿನ ಅವರು ಕೂರ್ತಾರಾ? ಕೇಳ್ಕೊಂಡು ಬಾ ಹೋಗು."

ಇಂಥವನಿಗೆ ಏನು ಹೇಳುವುದು? ಬೆಳಗ್ಗೆ ಮೇಣದ ಬತ್ತಿ ಹಚ್ಚಿದ, ಕಪ್ಪು ಕೋಟು ಹಾಕಿಕೊಂಡ. ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಅಮ್ಮನ ಬಟ್ಟೆಯ ಚಪ್ಪಲಿ. ಬಂದವರೆಲ್ಲ ಬಾಗಿಲಲ್ಲಿ ಒಂದು ಚಮಚ ಸಿಹಿ ಗೋಧಿ ಬಾಯಿಗೆ ಹಾಕಿಕೊಂಡು, ಆ ಚಪ್ಪಲಿಯನ್ನೊಮ್ಮೆ ನೋಡಿ, ಹೋಗಿ ಕುಳಿತರು. ದಿನಾ ಅವನ ಗಾಯ ಕಟ್ಟುತ್ತಿದ್ದ ನರ್ಸ್ ವೂಕಿತ್ಸಾ ಕೂಡ ಬಂದಳು. "ಮೇಸ್ತ್ರಿ, ಕಾಲ ಮೇಲೆ ಭಾರ ಹಾಕ್ಬೇಡಿ ಅಂದಿದ್ನಲ್ಲ!" ಎಂದು ಗದರಿಸಿ ಲೋಟ ಮುಂದೆ ಹಿಡಿದಳು. ಅಪ್ಪ ತುಂಬಿಸಿದ.

ಮಧ್ಯಾಹ್ನ ಕಳೆದರೂ ಯಾರೂ ಏಳಲಿಲ್ಲ. ಅಪ್ಪನ ಮುಖ ಬಿಳುಚಿಕೊಂಡಿತ್ತು. ನಾನು ಓಬ್ರಾದ್ ಮಾವನನ್ನು ಅಡುಗೆಮನೆಗೆ ಎಳೆದುಕೊಂಡು ಹೋದೆ. ಅಪ್ಪನ ಮದುವೆಗೆ ಸಾಕ್ಷಿ ನಿಂತವನು ಅವನು. ನಮ್ಮಲ್ಲಿ ಆ ನಂಟು ಒಡಹುಟ್ಟಿದವರಿಗಿಂತ ಹೆಚ್ಚು.

"ಮಾವ, ನೀವು ಎದ್ರೆ ಎಲ್ಲಾರೂ ಏಳ್ತಾರೆ. ನಿಮ್ಮ ಕಾಲಿಗೆ ಬೀಳ್ತೀನಿ, ಹೊರಡಿ."

"ಸ್ಲಾವಾ ದಿನ ಬೇಗ ಎದ್ದು ಹೋದ್ರೆ ನಿಮ್ಮಪ್ಪನಿಗೆ ಅವಮಾನ ಅಲ್ವೇನಮ್ಮ ಜೋರ್ಕಾ?" ಎಂದ. ಪಾತ್ರೆಯ ಮುಚ್ಚಳ ಎತ್ತಿ ನೋಡಿದ. "ಎಲೆಕೋಸಿನ ಸುರುಳಿ ಇನ್ನೂ ಇದೆಯಲ್ಲ!"

ಕತ್ತಲಾದ ಮೇಲೆ ಕಡೆಯವನಾಗಿ ಎದ್ದವನೂ ಅವನೇ. ಅಪ್ಪ ಅವನನ್ನು ಗೇಟಿನವರೆಗೆ ಕಳಿಸಿ ಬಂದು ಕುಳಿತ. ಚಪ್ಪಲಿ ಕಾಲಿಗೆ ಅಂಟಿಕೊಂಡಿತ್ತು. ಕತ್ತರಿಯಿಂದ ಕತ್ತರಿಸಿ ತೆಗೆದೆವು. ಆ ವಾಸನೆ ನನಗೆ ಇನ್ನೂ ಮರೆತಿಲ್ಲ. ಕ್ರಿಸ್ಮಸ್ಸಿಗೆ ಮೊದಲೇ ಮಂಡಿಯ ಕೆಳಗಿನ ಕಾಲು ತೆಗೆದರು.

"ಮಂಡಿ ಉಳೀತಲ್ಲ," ಎಂದ ಆಸ್ಪತ್ರೆಯಲ್ಲಿ. "ನೆಲ ಹಾಸೋಕೆ ಪಾದ ಯಾಕೆ ಬೇಕು?" ನಗಿಸಬೇಕೆಂದೇ ಹೇಳಿದ್ದು. ಆದರೆ ಆಮೇಲೆ ಯಾರೂ ಅವನನ್ನು ಕೆಲಸಕ್ಕೆ ಕರೆಯಲಿಲ್ಲ. ಸುತ್ತಿಗೆಗೆ ಎಣ್ಣೆ ಒರೆಸಿ ಒರೆಸಿ ಇಡುತ್ತಿದ್ದ.

ಮರುವರ್ಷ ಸ್ಲಾವಾ ದಿನ ಬಾಗಿಲು ಮುಚ್ಚೋಣ ಎಂದ. "ಕೂತ ಯಜಮಾನ ಸ್ಲಾವಾ ಮಾಡಿದ್ದು ಎಲ್ಲಾದ್ರೂ ಕಂಡಿದೀಯಾ?" ಅಮ್ಮ ಅವನ ಮಾತು ಕೇಳದೆ ಮೇಣದ ಬತ್ತಿ ಹಚ್ಚಿದಳು. ಜನ ಬಂದರು. ಓಬ್ರಾದ್ ಮಾವ ಕುರ್ಚಿ ಎಳೆದವನು, ಗಾಲಿಕುರ್ಚಿಯಲ್ಲಿದ್ದ ಅಪ್ಪನನ್ನು ನೋಡಿ, ಅದನ್ನು ಮತ್ತೆ ಮೇಜಿನೊಳಕ್ಕೆ ತಳ್ಳಿ ನಿಂತುಬಿಟ್ಟ. ಅವನನ್ನು ನೋಡಿ ವೂಕಿತ್ಸಾ ನಿಂತಳು. ಬಂದವರೆಲ್ಲ ನಿಂತರು. ತಟ್ಟೆಗಳನ್ನು ಎದೆಗೆ ಹಿಡಿದುಕೊಂಡು, ಅಪ್ಪ ಹಾಸಿದ ನೆಲದ ಮೇಲೆ, ಸಾರು ತೊಟ್ಟಿಕ್ಕಿಸಿಕೊಂಡು ತಿಂದರು.

"ಕೂತ್ಕೊಳ್ರೋ! ನನ್ನ ನೆಲ ಹಾಳಾಗ್ತಿದೆ!" ಎಂದು ಅಪ್ಪ ಕೂಗಿದ.

"ಯಜಮಾನ ನಿಲ್ಲೋಕಾಗದೇ ಇರೋವಾಗ ನಾವು ಹೇಗೆ ಕೂರೋದು ಮೇಸ್ತ್ರಿ?" ಎಂದ ಓಬ್ರಾದ್ ಮಾವ.

ಅಪ್ಪ ಅತ್ತುಬಿಟ್ಟ. ಅಮ್ಮನೂ ಅತ್ತಳು. ಊರವರು ಹೇಳುವ ಕತೆ ಇಲ್ಲಿಗೆ ಮುಗಿಯುತ್ತದೆ.

ನಾನು ಅಳಲಿಲ್ಲ. "ನಿಮಗೆಲ್ಲ ನಿಲ್ಲೋಕೆ ಬರುತ್ತೆ ಅಂತಾಯ್ತು," ಎಂದೆ, ಎಲ್ಲರಿಗೂ ಕೇಳುವಂತೆ. "ಹೋದ ವರ್ಷ ಏಳೋಕೆ ಯಾಕೆ ಬರ್ಲಿಲ್ಲ? ಅವತ್ತು ಒಬ್ಬರಾದ್ರೂ ಎದ್ದಿದ್ರೆ ಆ ಕಾಲು ಇವತ್ತು ಇಲ್ಲೇ ಇರ್ತಿತ್ತು."

ಓಬ್ರಾದ್ ಮಾವ ತಟ್ಟೆಯನ್ನು ಮೇಜಿನ ಮೇಲಿಟ್ಟ. ಅಪ್ಪ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದ.

"ಜೋರ್ಕಾ, ಅತಿಥಿಗಳ ಹತ್ರ ಹಾಗೆ ಮಾತಾಡ್ಬಾರ್ದು. ಬಾ, ಬಾಟಲಿ ತಗೋ. ಲೋಟಗಳು ಖಾಲಿಯಾಗಿವೆ, ಕಾಣಲ್ವಾ?"

ತೊಡೆಯ ಮೇಲಿದ್ದ ಬಾಟಲಿಯನ್ನು ನನ್ನ ಕೈಗಿತ್ತ. ನಾನು ನಿಂತು ಎಲ್ಲರ ಲೋಟ ತುಂಬಿಸಿದೆ. ಹಿಂದಿನ ವರ್ಷ ನಾನು ಬೇಡಿಕೊಂಡಿದ್ದೂ ಅದೇ ಬಾಟಲಿಯನ್ನೇ.