ಬೆಚ್ಚಗಿನ ಹಲಗೆ

ನಾನು ಕರಾಟೆ ಕಲಿತವನು ಎಂದರೆ ಮೊಮ್ಮಕ್ಕಳು ನನ್ನ ಹೊಟ್ಟೆ ನೋಡಿ ನಗುತ್ತಾರೆ. ನಗಲಿ. ಎಪ್ಪತ್ತರ ದಶಕದ ಕೊನೆಯಲ್ಲಿ, ಈಗ ಸಂಭಾಜಿನಗರವಾಗಿರುವ ಔರಂಗಾಬಾದಿನಲ್ಲಿ ನಾನದನ್ನು ಕಲಿತದ್ದು ನಿಜ. ಅಪ್ಪಯ್ಯ ಅಲ್ಲಿ ಉಡುಪಿ ಹೋಟೆಲು ನಡೆಸುತ್ತಿದ್ದರು. ಭಾನುವಾರ ಭಾನುವಾರ ನಾಸಿಕದಿಂದ ಮಾಸ್ತರರೊಬ್ಬರು ಬಂದು, ಪಕ್ಕದ ಬೀದಿಯ ಶಾಲೆಯ ಸಭಾಂಗಣದಲ್ಲಿ ನಮಗೆ ಪಾಠ ಹೇಳುತ್ತಿದ್ದರು.

"ಹಿಟ್ಟು ರುಬ್ಬು ಅಂದ್ರೆ ಮೈಗಳ್ಳತನ. ಗಾಳಿಗೆ ಗುದ್ದಲಿಕ್ಕೆ ಮಾತ್ರ ಭಾರೀ ಉಮೇದು!" ಎಂದು ಅಪ್ಪಯ್ಯ ಗೊಣಗುತ್ತಿದ್ದರು.

ತರಗತಿಯಲ್ಲಿ ನನ್ನ ಜೋಡಿ ಪೈಠಣದ ನೇಕಾರರ ಹುಡುಗ, ನನ್ನದೇ ವಯಸ್ಸು. ವಾರವಿಡೀ ಮಗ್ಗದಲ್ಲಿ ಕೂತು ಸೀರೆಯ ಸೆರಗಿಗೆ ಎಳೆ ಎಳೆಯಾಗಿ ಬೆರಳಲ್ಲೇ ನವಿಲು ನೇಯುವವನು, ಭಾನುವಾರ ಬಸ್ಸು ಹತ್ತಿ ಬರುತ್ತಿದ್ದ. ನಮ್ಮ ಮಾತೆಲ್ಲ ಮರಾಠಿಯಲ್ಲೇ. ಉಡುಪಿ ಹೋಟೆಲಿನವರೆಲ್ಲ ಆ ಊರಿಗೆ 'ಅಣ್ಣ', ಹಾಗಾಗಿ ನಾನೂ ಅವನಿಗೆ ಅಣ್ಣ. ಅವನು ನನಗಿಂತ ಎಲ್ಲದರಲ್ಲೂ ಒಂದು ಕೈ ಮೇಲು. ಮಾಸ್ತರರು ಅವನನ್ನು ಹೊಗಳಿದಾಗ ನಾನೂ ನಗುತ್ತಿದ್ದೆ. ಒಳಗೆ ಹೊಟ್ಟೆಕಿಚ್ಚು ನಮ್ಮ ಭಟ್ಟಿಗಿಂತ ಜೋರಾಗಿ ಉರಿಯುತ್ತಿತ್ತು.

ಆ ಮಳೆಗಾಲದಲ್ಲಿ ಪರೀಕ್ಷೆ ಬಂತು. ಒಂದಂಗುಲ ದಪ್ಪದ ಹಲಗೆಯನ್ನು ಒಂದೇ ಗುದ್ದಿಗೆ ಮುರಿಯಬೇಕು. ಪ್ರತಿ ಜೋಡಿಯಲ್ಲಿ ಒಬ್ಬರಿಗೆ ಮಾತ್ರ ನಾಸಿಕದ ಪ್ರದರ್ಶನಕ್ಕೆ ಹೋಗುವ ಅವಕಾಶ. ಹಲಗೆ ನಾವೇ ತರಬೇಕು.

"ಅಣ್ಣಾ, ಬಸ್ಸಲ್ಲಿ ಹಲಗೆ ಎಲ್ಲಿ ಹೊತ್ತು ತರಲಿ? ನಂದೂ ನೀನೇ ತಂದುಬಿಡು" ಎಂದ.

ಮರದ ಡಿಪೋದಿಂದ ಎರಡು ತಂದೆ. ಎರಡೂ ಹಸಿ. ನನ್ನದನ್ನು ಭಟ್ಟಿಯ ಮೇಲಿನ ಅಟ್ಟದಲ್ಲಿ, ಒಣಮೆಣಸಿನ ಚೀಲದ ಪಕ್ಕ ಎಂಟು ದಿನ ಇಟ್ಟೆ. ಒಣಗಿದ ಹಲಗೆ ಬೇಗ ಮುರಿಯುತ್ತದೆಂದು ನಿತ್ಯ ಸೌದೆ ನೋಡುವ ಹೋಟೆಲಿನವನಿಗೆ ಯಾರೂ ಹೇಳಿಕೊಡಬೇಕಿಲ್ಲ. ಅವನದನ್ನು ಪಾತ್ರೆ ತೊಳೆಯುವ ಕಟ್ಟೆಗೆ ಒರಗಿಸಿಟ್ಟೆ. ಜಾಗ ಇರಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಜಾಗ ಬೇಕಾದಷ್ಟಿತ್ತು.

ಪರೀಕ್ಷೆಯ ಬೆಳಿಗ್ಗೆ ನನ್ನದನ್ನು ಅಟ್ಟದಿಂದ ಇಳಿಸಿ, ಪೇಪರಿನಲ್ಲಿ ಸುತ್ತಿ, ಎರಡನ್ನೂ ಒಯ್ದೆ. ಮಾಸ್ತರರು "ಹಲಗೆ ಸರಿಯಾಗಿವೆಯಾ?" ಎಂದಾಗ ಕುಂಬಳಕಾಯಿ ಕಳ್ಳನ ಹಾಗೆ ನಾನೊಬ್ಬನೇ ಬೆವತೆ. ಜೋಡಿಯಲ್ಲಿ ಒಬ್ಬ ಹಲಗೆ ಹಿಡಿಯಬೇಕು, ಇನ್ನೊಬ್ಬ ಅವನಿಗೆ ತಲೆಬಾಗಿ ಗುದ್ದಬೇಕು. ಹಿಡಿದವನನ್ನು ನಂಬಿಯೇ ಗುದ್ದುವುದು, ಅದಕ್ಕೇ ಆ ನಮಸ್ಕಾರ ಎಂದು ಮಾಸ್ತರರು ಹೇಳುತ್ತಿದ್ದರು.

ಮೊದಲು ನನ್ನ ಸರದಿ. ಅವನು ಹಿಡಿದ, ನಾನು ಗುದ್ದಿದೆ. ಹಲಗೆ ಹಪ್ಪಳದಂತೆ ಮುರಿಯಿತು. ಆಮೇಲೆ ಅವನದನ್ನು ನಾನು ಹಿಡಿದೆ. ಭಾರವಿತ್ತು, ತಣ್ಣಗಿತ್ತು, ಅಂಗೈಗೆ ನೀರಿನ ಪಸೆ ತಗುಲಿತು. ಅವನು ತಲೆಬಾಗಿದ. ಆದರೆ ತಕ್ಷಣ ಗುದ್ದಲಿಲ್ಲ. ಮುಷ್ಟಿ ಕಟ್ಟಿಕೊಂಡು, ಹಲಗೆಯತ್ತ ನೋಡದೆ ನನ್ನ ಮುಖವನ್ನೇ ನೋಡುತ್ತ ನಿಂತ. ನಾನು ಹಲಗೆಯನ್ನು ಇನ್ನೂ ಬಿಗಿಯಾಗಿ ಹಿಡಿದೆ.

ಹಲಗೆ ಮುರಿಯಲಿಲ್ಲ.

ಮುರಿದದ್ದು ಅವನ ಕೈ. ಮೂಳೆ ಸೊಟ್ಟಗೆ ಕೂಡಿಕೊಂಡಿತು. ಬಲಗೈಯ ಎರಡು ಬೆರಳು ಮತ್ತೆ ಮಡಚಲಿಲ್ಲ. ಮಗ್ಗಕ್ಕೆ ಅವನ ತಮ್ಮ ಕೂತ. ನಾನು ನಾಸಿಕಕ್ಕೆ ಹೋಗಿ ಚಪ್ಪಾಳೆ ಗಿಟ್ಟಿಸಿಕೊಂಡು ಬಂದೆ, ಮತ್ತೆಂದೂ ತರಗತಿಗೆ ಹೋಗಲಿಲ್ಲ.

ಮರುವರ್ಷ ತಂಗಿಯ ಮದುವೆಯ ಸೀರೆಗೆಂದು ಅಪ್ಪಯ್ಯ ನನ್ನನ್ನು ಪೈಠಣಕ್ಕೆ ಎಳೆದೊಯ್ದರು, ಅದೂ ಅವನ ಮನೆಗೇ. ಎಡಗೈಯಲ್ಲಿ ಚಹಾ ತಂದುಕೊಟ್ಟ. ಅಪ್ಪಯ್ಯ ಮಗ್ಗ ನೋಡಲು ಒಳಗೆ ಹೋದಾಗ ನನಗೆ ತಡೆಯಲಾಗಲಿಲ್ಲ.

"ಆ ದಿನ ಹಲಗೆ..." ಎಂದೆ.

"ಗೊತ್ತು ಅಣ್ಣಾ. ನಿಂದು ನಾನೇ ಹಿಡಿದಿದ್ದೆನಲ್ಲ. ಬೆಚ್ಚಗಿತ್ತು."

"ಗೊತ್ತಿದ್ದೂ ಯಾಕೆ ಗುದ್ದಿದೆ?"

"ನಂದು ನಿನ್ನ ಕೈಯಲ್ಲಿತ್ತು. ಹಸಿ ಇದೆ, ಬೇಡ ಅಂತ ನೀನೇ ಹೇಳ್ತೀಯ ಅಂತ ಕಾದೆ."