ಚುಕ್ಕೆಗೆರೆಯ ಕಾಲುವೆ

ಐವತ್ತರ ದಶಕದ ನಡುವಿನ ಮಾತು. ಬಾಂದ್ರಾದ ಆಚೆ, ರೈಲುಹಳಿಯ ಪೂರ್ವಕ್ಕೆ, ಹೊಸ ಹೆದ್ದಾರಿಗಾಗಿ ಅಳತೆ ನಡೆದಿತ್ತು. ಅಲ್ಲಿನ ಸೊಪ್ಪಿನ ತೋಟಗಳಿಗೆ ನಗರದ ಗಟಾರದ ನೀರು ಸಣ್ಣ ಸಣ್ಣ ಕಾಲುವೆಗಳಲ್ಲಿ ಹರಿದು ಬರುತ್ತಿತ್ತು. ರಸ್ತೆಯ ಏರಿ ಯಾವ ಕಾಲುವೆಗೆ ಅಡ್ಡ ಬರುತ್ತದೆ, ಏರಿಯ ಅಡಿಯಲ್ಲಿ ಎಲ್ಲಿ ಮೋರಿ ಇಟ್ಟು ನೀರು ದಾಟಿಸಬೇಕು ಎಂದು ನಕ್ಷೆಯಲ್ಲಿ ಗುರುತಿಸುವುದು ನನ್ನ ಕೆಲಸ. ಧಾರವಾಡದಿಂದ ಬಂದು ಆಂಟಾಪ್ ಹಿಲ್‌ನ ಒಂದು ಕೋಣೆಯಲ್ಲಿ ಸಂಸಾರ ಹೂಡಿದ್ದ ನಾನು ಆಗಿನ್ನೂ ಹಂಗಾಮಿ ಡ್ರಾಫ್ಟ್ಸ್‌ಮನ್. ಹಂಗಾಮಿ ನೌಕರನಿಗೆ ಇರಬಾರದಷ್ಟು ಸಿಟ್ಟು ಮಾತ್ರ ಖಾಯಂ ಆಗಿತ್ತು.

ಮೊದಲ ದಿನ ಅಳತೆಯ ಸರಪಳಿ ಮುಳ್ಳುಕಂಟಿಗೆ ಸಿಕ್ಕಿಕೊಂಡಾಗ ಕನ್ನಡದಲ್ಲೇ ಬಾಯಿಗೆ ಬಂದಂತೆ ಬೈದೆ. ಸೊಪ್ಪಿನ ಮಡಿಯಿಂದ ಐವತ್ತು ದಾಟಿದ ಹೆಂಗಸೊಬ್ಬಳು ನಗುತ್ತ ಎದ್ದು ನಿಂತಳು.

"ಬೈಗುಳ ನಮ್ಮ ಕಡೀದು ಐತಿ. ಯಾವೂರ್ರೀ ಸಾಹೇಬ್ರ?"

ಆಕೆ ವಿಜಾಪುರದ ಕಡೆಯವಳು. ಗಂಡ ತೀರಿದ ಮೇಲೆ ಆ ಸೊಪ್ಪಿನ ತೋಟದ ಪಟ್ಟಿಯನ್ನು ಒಬ್ಬಳೇ ಸಾಗು ಮಾಡುತ್ತಿದ್ದಳು. ಮಗ್ಗುಲಲ್ಲೇ ಒಂದು ಕಾಲುವೆ, ತಳ ಬಿರುಕು ಬಿಟ್ಟು ಒಣಗಿತ್ತು. ಇದರಲ್ಲಿ ಗಟಾರದ ನೀರು ಬರುತ್ತದೆಯೇ ಎಂದು ಕೇಳಿದೆ. ಆಕೆಯ ನಗು ನಿಂತಿತು.

"ಇಲ್ರೀ. ನಮ್ದೇನಿದ್ರೂ ಬಾವಿ ನೀರು."

ಅದನ್ನು ಹಾಗೇ ಬರೆದುಕೊಂಡೆ. ನಮ್ಮ ನಕ್ಷೆಗಳಲ್ಲಿ ಹರಿಯುವ ಕಾಲುವೆಗೆ ತುಂಬುಗೆರೆ, ಪಾಳುಬಿದ್ದ ಕಾಲುವೆಗೆ ಚುಕ್ಕೆಗೆರೆ. ಚುಕ್ಕೆಗೆರೆ ಎಳೆದೆ. ಚುಕ್ಕೆಗೆರೆಗೆ ಮೋರಿ ಇಲ್ಲ.

ಹತ್ತು ದಿನ ಬಿಟ್ಟು ಗೂಟ ಹೊಡೆಸಲು ಹೋದರೆ ಅದೇ ಕಾಲುವೆಯಲ್ಲಿ ಕಪ್ಪು ನೀರು ದಂಡೆ ಮುಟ್ಟಿ ಹರಿಯುತ್ತಿತ್ತು. ನಕ್ಷೆ ಆಗಲೇ ನಮ್ಮ ಎಂಜಿನಿಯರ್ ಸಾಹೇಬರ ಮೇಜಿನ ಮೇಲಿತ್ತು.

"ಸುಳ್ಳು ಯಾಕ ಹೇಳಿದಿ?" ಎಂದು ಆಕೆಯ ಮೇಲೆ ಕೂಗಾಡಿದೆ.

"ಕೊಯ್ಯೂಕಿಂತ ಮೊದಲ ಮೂರು ದಿನ ಈ ನೀರು ಬಂದ್ ಮಾಡತೀವ್ರೀ, ಎಲಿ ನಾರಬಾರದಂತ. ಆಮ್ಯಾಲೆ ಬಾವಿ ನೀರಾಗ ತೊಳದು ಬೈಕುಲ್ಲಾ ಮಾರ್ಕೆಟ್‌ಗೆ ಕಳಸ್ತೀವಿ. ನೀವು ಬಂದದ್ದು ಆ ಮೂರು ದಿನದಾಗ. ಸರಕಾರಿ ಮಂದಿ ಮುಂದ ಗಟಾರದ ನೀರು ಅಂದ್ರ, ನಾಳಿ ನಮ್ಮ ಪಲ್ಲೆ ಯಾರು ಮುಟ್ಟತಾರ?"

ಚುಕ್ಕೆಗೆರೆಯ ಅರ್ಥ ಹೇಳಿದೆ. ಇಲ್ಲಿ ಆಳೆತ್ತರದ ಏರಿ ಬರುತ್ತದೆ, ಅಡಿಯಲ್ಲಿ ಮೋರಿ ಇರುವುದಿಲ್ಲ, ಈ ನೀರು ಆಚೆಯೇ ನಿಲ್ಲುತ್ತದೆ ಎಂದೆ. ಬಾವಿ ನೀರು ಸೊಪ್ಪು ತೊಳೆಯಲಷ್ಟೇ ಸಾಲುತ್ತಿತ್ತು. ಆಕೆ ಬದುವಿನ ಮೇಲೆ ಕುಸಿದು ಕೂತಳು. ನನ್ನ ಸಿಟ್ಟೆಲ್ಲ ಇಳಿದು ನಾಚಿಕೆಯಾಯಿತು. ಬಾವಿ ಎಲ್ಲಿದೆ ಎಂದು ಕೂಡ ಅಂದು ನಾನು ನೋಡಿರಲಿಲ್ಲ.

ಸಾಹೇಬರೆದುರು ತಪ್ಪು ಒಪ್ಪಿಕೊಂಡೆ. ಅವರು ಬೈಯಲಿಲ್ಲ, ಅದೇ ಹೆಚ್ಚು ಹೆದರಿಕೆ ತಂದಿತು. ನಕ್ಷೆ ಶನಿವಾರ ಮಧ್ಯಾಹ್ನ ಮೇಲಿನವರಿಗೆ ಹೋಗುತ್ತದೆ. ಆ ಕಾಲುವೆಯ ನಾಲ್ಕು ತೋಟದವರೂ ತಾವು ಗಟಾರದ ನೀರನ್ನೇ ಬಳಸುತ್ತೇವೆ ಎಂದು ಬರೆದುಕೊಟ್ಟರೆ ಮೋರಿ ಸೇರಿಸುತ್ತೇನೆ, ಒಬ್ಬರು ಕಡಿಮೆಯಾದರೂ ಇಲ್ಲ ಎಂದರು. ಅಂದು ಬುಧವಾರ.

ಗುರುವಾರ ಬೆಳಿಗ್ಗೆ ಬರೆದ ಕಾಗದ, ಶಾಯಿಯ ಪ್ಯಾಡ್ ಹಿಡಿದು ಹೋದೆ. ಉಳಿದ ಮೂವರು ಮರಾಠಿಯವರು. ಕಾಗದ ನೋಡಿದ್ದೇ ಬೆನ್ನು ತಿರುಗಿಸಿ ಕಳೆ ಕೀಳತೊಡಗಿದರು. ಎಷ್ಟು ಹೇಳಿದರೂ ತಿರುಗಿ ನೋಡಲಿಲ್ಲ. ಕೊನೆಗೆ ಆಕೆ ಕೈ ಒರೆಸಿಕೊಂಡು ನನ್ನೆದುರು ಬಂದು ನಿಂತಳು.

"ಒಂದು ಕೇಳ್ತೀನಿ ತಮ್ಮಾ. ಇಷ್ಟೆಲ್ಲ ತಿಳದ ಮ್ಯಾಲೆ ನೀನು ನನ್ನ ಪಲ್ಲೆ ತಿಂತೀ ಏನು?"

"ತಿಂತೀನಿ, ಅವ್ವಾ."

"ಹೆಂಡತಿ ಕೈಲೆ ಮಾಡಿಸಿ?"

"ಮಾಡಿಸಿ."

ಆಕೆ ಹೆಬ್ಬೆಟ್ಟು ಒತ್ತಿದಳು. ಆಮೇಲೆ ರಾಜಗಿರಿ ಸೊಪ್ಪಿನ ದೊಡ್ಡ ಕಟ್ಟೊಂದನ್ನು ಬಾವಿ ನೀರಿನಲ್ಲಿ ಎರಡೆರಡು ಸಲ ಜಾಲಿಸಿ, ಬಾಳೆನಾರಿನಿಂದ ಬಿಗಿದು ನನ್ನ ಕೈಗಿಟ್ಟಳು. ಉಳಿದ ಮೂವರು ಕಳೆ ಕೀಳುವುದನ್ನು ಬಿಟ್ಟು ನೋಡುತ್ತಿದ್ದರು.

ಮನೆಗೆ ಮರಳುವ ಲೋಕಲ್ ರೈಲಿನಲ್ಲಿ ಕಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಕೆಂಪು ದಂಟು, ಅಗಲ ಎಲೆ, ಒಂದು ಹುಳದ ತೂತೂ ಇರಲಿಲ್ಲ. ಮೂಸಿ ನೋಡಿದೆ, ಹಸಿ ಮಣ್ಣಿನ ವಾಸನೆಯಷ್ಟೇ. ಆದರೂ ಕಣ್ಣ ಮುಂದೆ ಆ ಕಪ್ಪು ನೀರು. ಹೆಂಡತಿ ಆಗ ಆರು ತಿಂಗಳ ಬಸುರಿ. ಅದನ್ನೇ ನೆಪ ಮಾಡಿಕೊಂಡೆ. ಬಸುರಿ ಇರದಿದ್ದರೂ ನಾನು ಅದನ್ನು ಒಯ್ಯುತ್ತಿರಲಿಲ್ಲ. ಇಳಿಯುವಾಗ ಕಟ್ಟನ್ನು ಬೆಂಚಿನ ಕೆಳಗೆ ಕಾಲಿನಿಂದ ಸರಿಸಿ, ಯಾರಾದರೂ ಕೂಗಿ ಕರೆದಾರೆಂದು ಹೆದರಿ ಬೇಗ ಬೇಗ ಸ್ಟೇಷನ್ ದಾಟಿದೆ.

ಶುಕ್ರವಾರ ಮತ್ತೆ ಹೋದೆ. ಉಳಿದದ್ದು ಅದೊಂದೇ ದಿನ. ಆ ಮೂವರೂ ಕಾಲುವೆಯ ದಂಡೆಯ ಮೇಲೆ ಸಾಲಾಗಿ ಕೂತು ನನ್ನನ್ನೇ ಕಾಯುತ್ತಿದ್ದರು. ಆಕೆ ಅವರ ನಡುವೆ ನಿಂತಿದ್ದಳು. ಕಾಗದ ತೆಗೆಯುವ ಮೊದಲೇ ಎಲ್ಲರಿಗೂ ಕೇಳುವ ಹಾಗೆ ಮರಾಠಿಯಲ್ಲಿ ಕೇಳಿದಳು, ನಿನ್ನೆ ಪಲ್ಲೆ ಹೇಗಿತ್ತು ಎಂದು.

ಮೂರು ಮುಖಗಳು ನನ್ನ ಕಡೆ ತಿರುಗಿದವು. ಇಲ್ಲ ಎಂದರೆ ಅವರು ಎದ್ದು ಹೋಗುತ್ತಾರೆ, ನಾಳೆ ನಕ್ಷೆ ಹೋಗುತ್ತದೆ, ಮಳೆಗಾಲ ಮುಗಿಯುತ್ತಲೇ ಏರಿ ಏಳುತ್ತದೆ. ನಿಜ ಹೇಳುವ ಧೈರ್ಯವೂ ನನಗಿರಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಚೆನ್ನಾಗಿತ್ತು ಎಂದೆ. ಅಷ್ಟಕ್ಕೇ ಬಿಡದೆ, ಹೆಂಡತಿ ಬೆಳ್ಳುಳ್ಳಿ ಒಗ್ಗರಣೆ ಹಾಕಿದ್ದಳು, ಎರಡು ಭಕ್ಕರಿ ಹೆಚ್ಚಿಗೆ ತಿಂದೆ ಎಂದೂ ಸೇರಿಸಿದೆ.

ಆಕೆಯ ಮುಖ ಅರಳಿತು. "ಕೇಳಿದಿರಲ್ಲ, ಈ ಸಾಹೇಬರ ಮನೆಯಲ್ಲೇ ತಿನ್ನುತ್ತಾರೆ" ಎಂದು ಅವರ ಮಾತಿನಲ್ಲೇ ಅವರಿಗೆ ಸಾರಿದಳು. ಒಬ್ಬರ ಹಿಂದೆ ಒಬ್ಬರು ಮೂವರೂ ಹೆಬ್ಬೆಟ್ಟು ಮುಂದೆ ಮಾಡಿದರು. ನಾನು ಪ್ಯಾಡ್ ತೆರೆದು ಹಿಡಿದೆ.

ಶನಿವಾರ ಚುಕ್ಕೆಗೆರೆಯನ್ನು ಬ್ಲೇಡಿನಿಂದ ಕೆರೆದು ತುಂಬುಗೆರೆ ಎಳೆದೆ, ಮೋರಿಯೂ ಬಂತು. ಏರಿ ಎದ್ದ ಮೇಲೂ ಆ ಪಟ್ಟಿಗಳು ಹಸಿರಾಗಿಯೇ ಉಳಿದವು. ನಾನು ಅತ್ತ ಹೋದಾಗೆಲ್ಲ ಆಕೆ ಒಂದು ಕಟ್ಟು ಕೊಡದೆ ಬಿಡುತ್ತಿರಲಿಲ್ಲ, ನಾನು ಬೇಡ ಎನ್ನುತ್ತಲೂ ಇರಲಿಲ್ಲ. ನಮ್ಮ ಮನೆಯ ಒಲೆಯ ಮೇಲೆ ಆ ಸೊಪ್ಪು ಒಂದು ದಿನವೂ ಬೇಯಲಿಲ್ಲ.